ಒಂದೇ ಟಿಕ್ ಟಿಕ್, ಎರಡು ಹಣೆಬರಹ

ಸಿಗ್ನಲ್‌ನಲ್ಲಿ ಕಾರು ನಿಂತಿದೆ. ಹಿಂದಿನಿಂದ, ಇಂಜಿನ್ನಿನ ಒಂದು ಮಗ್ಗುಲಿನಿಂದ ಸಣ್ಣಗೆ ಟಿಕ್ ಟಿಕ್ ಟಿಕ್. ಆಕ್ಸಿಲರೇಟರ್ ಒತ್ತಿದರೆ ಇಂಜಿನ್ನಿನ ಆರ್ಭಟದಲ್ಲಿ ಅದು ಮುಳುಗಿಹೋಗುತ್ತದೆ. ಮರುದಿನ ಕೇಳಿಸುವುದೇ ಇಲ್ಲ. ನಾಲ್ಕು ದಿನ ಬಿಟ್ಟು ಮತ್ತೆ ಹಾಜರು. ಗ್ಯಾರೇಜಿಗೆ ಒಯ್ದ ದಿನ ಮಾತ್ರ ಸದ್ದಡಗಿರುತ್ತದೆ. ಪೋರ್ಷೆ 911ರ 996 ಮತ್ತು 997 ಮಾದರಿಗಳನ್ನು ಇಟ್ಟುಕೊಂಡ ಎಷ್ಟೋ ಜನರ ನಿದ್ದೆಗೆಡಿಸಿದ ಸದ್ದು ಇದು. ನಿದ್ದೆ ಕೆಡುವುದಕ್ಕೆ ಕಾರಣವೂ ಇದೆ. ಇದೇ ಸದ್ದು ಒಂದು ಕಾರಿನಲ್ಲಿ ಆಯಿಲ್ ಬದಲಿಸಿದರೆ ಹೋಗುತ್ತದೆ. ಇನ್ನೊಂದು ಕಾರಿನಲ್ಲಿ ಇಂಜಿನ್ನನ್ನೇ ಕೆಳಗಿಳಿಸಿ, ಬಿಚ್ಚಿ, ಹೊಸದಾಗಿ ಕಟ್ಟಬೇಕಾಗುತ್ತದೆ.

ಕಿವಿಗೆ ಮಾತ್ರ ಎರಡೂ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಸದ್ದು ಹೇಗಿದೆ ಎಂಬುದಕ್ಕಿಂತ ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂಬುದೇ ಮುಖ್ಯ. ಅದನ್ನು ಹಿಡಿಯಬಲ್ಲವರು ದಿನವೂ ಆ ಕಾರನ್ನು ಓಡಿಸುವವರು. ಬಂದು ಹೋಗುವ ಸದ್ದಿನ ವಿಚಾರದಲ್ಲಿ ಮೊದಲ ತಪಾಸಣೆ ನಡೆಯಬೇಕಾದದ್ದು ಮೆಕ್ಯಾನಿಕ್ಕಿನ ಬಳಿಯಲ್ಲ, ಸ್ಟಿಯರಿಂಗ್ ಹಿಂದೆ.

ಭಯ ಹುಟ್ಟಿದ್ದು ಎಲ್ಲಿಂದ?

1963ರಲ್ಲಿ ಫ್ರಾಂಕ್‌ಫರ್ಟ್ ಮೋಟಾರು ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ 911, ಮೂರು ದಶಕಕ್ಕೂ ಹೆಚ್ಚು ಕಾಲ ಗಾಳಿಯಿಂದಲೇ ತಣಿಯುವ ಇಂಜಿನ್ ಇಟ್ಟುಕೊಂಡಿತ್ತು. 1997ರಲ್ಲಿ ಬಂದ 996 ಮಾದರಿ ನೀರಿನಿಂದ ತಣಿಯುವ ಮೊದಲ 911. ಆರು ಸಿಲಿಂಡರ್‌ಗಳು ಅಡ್ಡಡ್ಡ ಮಲಗಿ, ಎಡಕ್ಕೆ ಮೂರು ಬಲಕ್ಕೆ ಮೂರಾಗಿ ಇರುವ ವಿನ್ಯಾಸ ಹಾಗೆಯೇ ಉಳಿಯಿತು. ಆದರೆ ಒಳಗಿನ ಇಂಜಿನ್ ಎಂ96 ಎಂಬ ಹೊಸ ಕುಟುಂಬದ್ದು. ಅದರ ಚಿಕ್ಕ ಆವೃತ್ತಿ 1996ರಲ್ಲೇ ಬಾಕ್ಸ್‌ಸ್ಟರ್ ಕಾರಿನಲ್ಲಿ ಬಂದಿತ್ತು. 2004ರ 997 ಮಾದರಿಯಲ್ಲಿ ಎಂ97 ಬಂತು.

ಈ ಇಂಜಿನ್‌ಗಳ ಸಿಲಿಂಡರ್‌ಗಳಲ್ಲಿ ಕಬ್ಬಿಣದ ಲೈನರ್ ಇಲ್ಲ. ಅಚ್ಚಿನಲ್ಲಿ ಸಿಲಿಕಾನ್ ಕಣಗಳ ಕೊಳವೆಯೊಂದನ್ನಿಟ್ಟು, ಕರಗಿದ ಅಲ್ಯೂಮಿನಿಯಂ ಅದರೊಳಗೆ ತುಂಬಿಕೊಳ್ಳುವಂತೆ ಒತ್ತಡದಲ್ಲಿ ಎರಕ ಹೊಯ್ಯುತ್ತಾರೆ. ಇದಕ್ಕೆ ಲೋಕಾಸಿಲ್ ಎಂದು ಹೆಸರು. ಗಟ್ಟಿಯಾದ ಸಿಲಿಕಾನ್ ಕಣಗಳೇ ಪಿಸ್ಟನ್ ಜಾರುವ ನೆಲ. ಅಲ್ಯೂಮಿನಿಯಂ ಪಿಸ್ಟನ್‌ಗೆ ಕಬ್ಬಿಣಾಂಶದ ತೆಳು ಲೇಪವಿರುತ್ತದೆ. ಆ ಲೇಪ ಸವೆದರೆ, ಅಥವಾ ಗೋಡೆಯ ಮೇಲಿನ ಆಯಿಲ್ ಪದರ ಹರಿದರೆ, ಪಿಸ್ಟನ್ ನೇರವಾಗಿ ಗೋಡೆಯನ್ನು ಉಜ್ಜುತ್ತದೆ. ಕಿತ್ತುಬಂದ ಸಿಲಿಕಾನ್ ಕಣಗಳು ಇನ್ನಷ್ಟು ಗೀರುತ್ತವೆ. ಪಿಸ್ಟನ್ ಚಲಿಸುವ ದಿಕ್ಕಿನಲ್ಲೇ ಉದ್ದುದ್ದ ಗೀರುಗಳು ಬೀಳುತ್ತವೆ. ಬೋರ್ ಸ್ಕೋರಿಂಗ್ ಎನ್ನುವುದು ಇದನ್ನೇ. ಸಂದು ಹೆಚ್ಚಾದಂತೆ ಪಿಸ್ಟನ್ ಓಲಾಡಿ ಗೋಡೆಗೆ ಬಡಿಯುತ್ತದೆ. ಹೊರಗೆ ಕೇಳುವ ಟಿಕ್ ಅದರದ್ದು. 4, 5, 6ನೇ ಸಿಲಿಂಡರ್‌ಗಳಿರುವ ಬಲಪಕ್ಕದಲ್ಲೇ ಇದು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ.

ಹಾಗೆಂದು 911 ಎಂದ ಕೂಡಲೇ ಹೆದರಬೇಕಿಲ್ಲ. ಅದೇ ಕಾಲದ ಜಿಟಿ3 ಮತ್ತು ಟರ್ಬೊ ಮಾದರಿಗಳ ಇಂಜಿನ್ ಬೇರೆ ವಂಶದ್ದು. ಅವುಗಳ ಸಿಲಿಂಡರ್‌ಗಳಿಗೆ ನಿಕಾಸಿಲ್ ಲೇಪವಿದೆ. 2008ರಲ್ಲಿ ಪರಿಷ್ಕೃತ 997 ಬಂದಾಗ ಇಂಜಿನ್ನೇ ಹೊಸದಾಯಿತು. ಆದ್ದರಿಂದ ಸದ್ದಿನ ಬಗ್ಗೆ ಕೇಳುವ ಮೊದಲು ಕಾರಿನ ಹಿಂಭಾಗದಲ್ಲಿ ಯಾವ ಇಂಜಿನ್ ಇದೆ ಎಂಬುದನ್ನು ಖಚಿತ ಮಾಡಿಕೊಳ್ಳಬೇಕು.

ಹಾನಿಯಿಲ್ಲದ ಟಿಕ್‌ಗಳು

ಇದೇ ಇಂಜಿನ್ನಿನಲ್ಲಿ ಟಿಕ್ ಎನ್ನುವ ಬೇರೆ ಭಾಗಗಳೂ ಬೇಕಾದಷ್ಟಿವೆ. ಮೊದಲನೆಯದು ಹೈಡ್ರಾಲಿಕ್ ಟ್ಯಾಪೆಟ್. ಅದರೊಳಗೆ ಒಂದು ಸಣ್ಣ ಪ್ಲಂಜರ್, ಸ್ಪ್ರಿಂಗ್, ಗುಂಡಿನ ವಾಲ್ವ್ ಇರುತ್ತವೆ. ಒತ್ತಡದಲ್ಲಿ ಬಂದ ಆಯಿಲ್ ತುಂಬಿಕೊಂಡು ಕ್ಯಾಮ್‌ಶಾಫ್ಟ್ ಮತ್ತು ವಾಲ್ವಿನ ನಡುವಿನ ಸಂದನ್ನು ಇಲ್ಲವಾಗಿಸುತ್ತದೆ. ಕಾರು ವಾರಗಟ್ಟಲೆ ನಿಂತರೆ ಆಯಿಲ್ ಇಳಿದುಹೋಗುತ್ತದೆ. ಸ್ಟಾರ್ಟ್ ಮಾಡಿದಾಗ ಟ್ಯಾಪೆಟ್ ತುಂಬುವ ತನಕ ಸದ್ದು ಬರುತ್ತದೆ, ಆಮೇಲೆ ನಿಲ್ಲುತ್ತದೆ. ಕೊಳೆ ಸೇರಿ ಗುಂಡಿನ ವಾಲ್ವ್ ಸರಿಯಾಗಿ ಮುಚ್ಚದಿದ್ದರೆ ಆಗಾಗ ಬಂದುಹೋಗುತ್ತದೆ. 1989ರಲ್ಲಿ ಬಂದ ಮೊದಲ ತಲೆಮಾರಿನ ಮಾಜ್ದಾ ಎಂಎಕ್ಸ್-5ರಲ್ಲಿ ಈ ಸದ್ದು ಎಷ್ಟು ಸಾಮಾನ್ಯವೆಂದರೆ, ಅದನ್ನು ಇಟ್ಟುಕೊಂಡವರು ಗಾಬರಿಯಾಗದೆ ಮೊದಲು ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ಇಂಜಿನ್ ಚೆನ್ನಾಗಿ ಬಿಸಿಯಾಗುವಷ್ಟು ದೂರ ಓಡಿಸಿ ನೋಡುತ್ತಾರೆ.

ಎಲ್ಲ ಸ್ಪೋರ್ಟ್ಸ್ ಕಾರುಗಳಲ್ಲೂ ಈ ವ್ಯವಸ್ಥೆ ಇರುವುದಿಲ್ಲ. ನಿಮಿಷಕ್ಕೆ 9000 ಸುತ್ತು ತಿರುಗುತ್ತಿದ್ದ 1999ರ ಹೋಂಡಾ ಎಸ್2000 ಇಂಜಿನ್ನಿನಲ್ಲಿ ವಾಲ್ವ್ ಸಂದನ್ನು ಕೈಯಿಂದಲೇ ಸೆಟ್ ಮಾಡಬೇಕು. ಇನ್‌ಟೇಕ್ ವಾಲ್ವಿಗೆ 0.21ರಿಂದ 0.25 ಮಿ.ಮೀ., ಎಕ್ಸಾಸ್ಟ್ ವಾಲ್ವಿಗೆ 0.25ರಿಂದ 0.29 ಮಿ.ಮೀ. ಎರಡು ಹಾಳೆ ಕಾಗದದಷ್ಟು ದಪ್ಪದ ಈ ಅಂತರ ಸ್ವಲ್ಪ ಹೆಚ್ಚಾದರೂ ಟಿಕ್ ಕೇಳಿಸುತ್ತದೆ. ಇಂಜಿನ್ ತಣ್ಣಗಿರುವಾಗ ಫೀಲರ್ ಗೇಜ್ ಹಾಕಿ ಸರಿಪಡಿಸಿದರೆ ಮುಗಿಯಿತು. ಇಲ್ಲಿ ನೆನಪಿಡಬೇಕಾದದ್ದು ಒಂದಿದೆ: ಸಂದು ಹೆಚ್ಚಾದ ವಾಲ್ವ್ ಸದ್ದು ಮಾಡಿ ತಿಳಿಸುತ್ತದೆ, ಸಂದಿಲ್ಲದೆ ಬಿಗಿಯಾದ ವಾಲ್ವ್ ಸದ್ದಿಲ್ಲದೆ ಸುಟ್ಟುಹೋಗುತ್ತದೆ.

ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಬೋಲ್ಟ್ ತುಕ್ಕು ಹಿಡಿದು ಮುರಿದಿದ್ದರೂ ಟ್ಯಾಪೆಟ್ಟಿನದೇ ಸದ್ದು ಬರುತ್ತದೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ದೇಶಗಳಲ್ಲಿ ಇದು ಹೆಚ್ಚು. ಇಂಜಿನ್ ತಣ್ಣಗಿರುವಾಗ ಸೀಳಿನಿಂದ ಹೊಗೆ ಚಿಮ್ಮಿ ಟಿಕ್ ಎನ್ನುತ್ತದೆ. ಲೋಹ ಕಾದು ಹಿಗ್ಗಿದಾಗ ಸೀಳು ಮುಚ್ಚಿ ಸದ್ದು ನಿಲ್ಲುತ್ತದೆ. ಸಂದಿನ ಬಳಿ ಮೆತ್ತಿಕೊಂಡ ಕಪ್ಪು ಮಸಿಯೇ ಇದಕ್ಕೆ ಸಾಕ್ಷಿ. ಇನ್ನು ಪೆಟ್ರೋಲ್ ಆವಿಯನ್ನು ಇಂಜಿನ್ನಿಗೆ ಬಿಡುವ ಪರ್ಜ್ ವಾಲ್ವ್ ಇದೆ. ಇಂಜಿನ್ ಬಿಸಿಯಾದ ಮೇಲೆ, ಕಂಪ್ಯೂಟರ್ ಹೇಳಿದಾಗ ಮಾತ್ರ ಅದು ಟಿಕ್ ಟಿಕ್ ಎಂದು ತೆರೆದು ಮುಚ್ಚುತ್ತದೆ. ಬಂದು ಹೋಗುವುದೇ ಅದರ ಸ್ವಭಾವ. ಬೆರಳಿಟ್ಟರೆ ಬಡಿತ ತಿಳಿಯುತ್ತದೆ. 2012ರ ಟೊಯೋಟಾ 86, ಸುಬಾರು ಬಿಆರ್‌ಝಡ್‌ಗಳಂತೆ ಪೆಟ್ರೋಲನ್ನು ನೇರವಾಗಿ ಸಿಲಿಂಡರ್‌ಗೆ ಚಿಮ್ಮಿಸುವ ಇಂಜಿನ್‌ಗಳಲ್ಲಿ ಇಂಜೆಕ್ಟರ್ ಮತ್ತು ಹೈ ಪ್ರೆಶರ್ ಪಂಪಿನ ಟಿಕ್ ಹುಟ್ಟಿನಿಂದಲೇ ಇರುತ್ತದೆ.

ಸದ್ದಿನ ಲಯ ಹೇಳುವುದೇನು?

ನಾಲ್ಕು ಸ್ಟ್ರೋಕಿನ ಇಂಜಿನ್ನಿನಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಕ್ಯಾಮ್‌ಶಾಫ್ಟ್ ಒಂದು ಸುತ್ತು. ಐಡ್ಲಿಂಗಿನಲ್ಲಿ ಕ್ರ್ಯಾಂಕ್ ನಿಮಿಷಕ್ಕೆ 750 ಸುತ್ತು ತಿರುಗುತ್ತಿದ್ದರೆ ಒಂದು ವಾಲ್ವಿನ ಟಿಕ್ ನಿಮಿಷಕ್ಕೆ 375 ಬಾರಿ, ಅಂದರೆ ಸೆಕೆಂಡಿಗೆ ಸುಮಾರು ಆರು ಬಾರಿ ಕೇಳಬೇಕು. ಸೆಕೆಂಡಿಗೆ ಹನ್ನೆರಡು ಮೀರಿ ಕೇಳಿಸಿದರೆ ಕ್ರ್ಯಾಂಕಿಗೇ ಅಂಟಿಕೊಂಡ ಪುಲ್ಲಿ, ಫ್ಲೈವೀಲ್‌ಗಳತ್ತ ನೋಡಬೇಕು. ಇಂಜಿನ್ ವೇಗ ಏರಿದರೂ ಲಯ ಬದಲಾಗದಿದ್ದರೆ ಪರ್ಜ್ ವಾಲ್ವಿನಂಥ ಭಾಗದ್ದು.

ಆದರೆ ಅರ್ಧ ವೇಗದ ಟಿಕ್ ಎಂದರೆ ಟ್ಯಾಪೆಟ್ಟೇ ಎಂದು ತೀರ್ಮಾನಿಸಿಬಿಡುವುದು ಅಪಾಯ. ಪ್ರತಿ ಸಿಲಿಂಡರಿನಲ್ಲೂ ಇಂಧನ ಸ್ಫೋಟಿಸುವುದು ಎರಡು ಸುತ್ತಿಗೊಮ್ಮೆ. ಗೀರುಬಿದ್ದ ಬೋರಿನಲ್ಲಿ ಪಿಸ್ಟನ್ ಗಟ್ಟಿಯಾಗಿ ಬಡಿಯುವುದೂ ಆ ಹೊತ್ತಿನಲ್ಲೇ. ಹಾಗಾಗಿ ಅದರ ಲಯವೂ ಟ್ಯಾಪೆಟ್ಟಿನ ಲಯವೂ ಒಂದೇ. ಎಂ96 ಇಂಜಿನ್ನಿನ ಬೋರ್ ಸದ್ದನ್ನು ಟ್ಯಾಪೆಟ್ ಸದ್ದೆಂದು ತಿಳಿದು ತಿಂಗಳುಗಟ್ಟಲೆ ಓಡಿಸುವುದು ಇದರಿಂದಲೇ.

ಎರಡನ್ನೂ ಬೇರ್ಪಡಿಸಲು ಒಂದು ಸರಳ ಪರೀಕ್ಷೆಯಿದೆ. ಇಂಜಿನ್ ಓಡುತ್ತಿರುವಾಗ ಒಂದೊಂದೇ ಸಿಲಿಂಡರಿನ ಇಂಜೆಕ್ಟರನ್ನು ಸ್ಕ್ಯಾನರ್ ಮೂಲಕ ನಿಲ್ಲಿಸಬೇಕು. ಆ ಸಿಲಿಂಡರಿನಲ್ಲಿ ಸ್ಫೋಟವಿಲ್ಲದಾಗ ಸದ್ದು ಕುಗ್ಗಿದರೆ ಅಥವಾ ಬದಲಾದರೆ, ಅದು ಪಿಸ್ಟನ್, ಕನೆಕ್ಟಿಂಗ್ ರಾಡ್ ಅಥವಾ ಬೇರಿಂಗಿನದು. ಏನೂ ಬದಲಾಗದಿದ್ದರೆ ಹೆಚ್ಚಿನ ಅನುಮಾನ ವಾಲ್ವುಗಳ ಮೇಲೆ. ಇಗ್ನಿಷನ್ ಕಾಯಿಲ್ ಕಿತ್ತು ಈ ಪರೀಕ್ಷೆ ಮಾಡಬಾರದು. ಉರಿಯದ ಪೆಟ್ರೋಲ್ ಎಕ್ಸಾಸ್ಟಿಗೆ ಹರಿದು ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತದೆ.

ಆಲಿಸುವ ಬಗೆ, ನೋಡುವ ಬಗೆ

ನಮ್ಮ ಮೆಕ್ಯಾನಿಕ್ಕುಗಳು ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಆಲಿಸುವುದುಂಟು. ಜರ್ಮನಿಯ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್ ಸ್ಟೆತಾಸ್ಕೋಪಿನಿಂದ ಮಾಡುವುದೂ ಅದನ್ನೇ. ಅಲ್ಯೂಮಿನಿಯಂ ಸದ್ದನ್ನು ದೂರದವರೆಗೂ ಒಯ್ಯುತ್ತದೆ; ಜೋರಾಗಿ ಕೇಳಿದ ಜಾಗವೇ ಮೂಲವೆಂದು ನಂಬುವಂತಿಲ್ಲ. ಇಲ್ಲಿ ಮಲಗಿದ ಆರು ಸಿಲಿಂಡರಿನ ವಿನ್ಯಾಸವೇ ನೆರವಿಗೆ ಬರುತ್ತದೆ. ಎಡ ಬಲ ಎರಡೂ ಕಡೆ ಭಾಗಗಳು ಹೆಚ್ಚುಕಡಿಮೆ ಒಂದೇ ತೆರನಾಗಿರುವುದರಿಂದ, ಕಾರನ್ನು ಲಿಫ್ಟ್ ಮೇಲೇರಿಸಿ ಎರಡೂ ಕಡೆ ಒಂದೇ ಜಾಗದಲ್ಲಿ ಆಲಿಸಿ ಹೋಲಿಸಬಹುದು. ಕ್ಯಾಮ್ ಕವರಿನ ಮೇಲೆ ಸದ್ದು ಹೆಚ್ಚಿದ್ದರೆ ಟ್ಯಾಪೆಟ್ಟಿನ ಕಡೆಗೆ, ಸಿಲಿಂಡರಿನ ಗೋಡೆಯ ಬಳಿ ಹೆಚ್ಚಿದ್ದರೆ ಪಿಸ್ಟನ್ ಕಡೆಗೆ ಅನುಮಾನ ಹೊರಳುತ್ತದೆ. ತಿರುಗುವ ಬೆಲ್ಟ್, ಕಾದ ಸೈಲೆನ್ಸರ್‌ಗಳಿಂದ ಕೈ ದೂರವಿರಲಿ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಓಡಿಸುವುದು ಬೇಡವೇ ಬೇಡ.

ಅನುಮಾನ ತೀರಿಸುವುದು ಮಾತ್ರ ಕಣ್ಣೇ. ಹಳೆಯ ಆಯಿಲ್ ಫಿಲ್ಟರಿನ ಕಾಗದದ ಮಡಿಕೆಗಳನ್ನು ಬಿಡಿಸಿ ನೋಡಬೇಕು. ಹೊಳೆಯುವ ಚೂರುಗಳಿದ್ದರೆ ಅಯಸ್ಕಾಂತ ಹಿಡಿಯಬೇಕು. ಅಂಟಿದರೆ ಕಬ್ಬಿಣ, ಅಂಟದಿದ್ದರೆ ಅಲ್ಯೂಮಿನಿಯಂ ಇರಬಹುದು. ಆಯಿಲ್ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿದರೆ ಕಬ್ಬಿಣ, ಅಲ್ಯೂಮಿನಿಯಂ, ಸಿಲಿಕಾನ್ ಎಷ್ಟಿವೆ ಎಂಬುದು ಗೊತ್ತಾಗುತ್ತದೆ. ಆಯಿಲ್ ಬೇಗ ಬೇಗ ಕಡಿಮೆಯಾಗುವುದು, ಒಂದೇ ಕಡೆಯ ಸೈಲೆನ್ಸರ್ ಕೊಳವೆ ಹೆಚ್ಚು ಮಸಿಗಟ್ಟುವುದು ಟಿಕ್ ಜೊತೆ ಸೇರಿದರೆ ತಡ ಮಾಡಬಾರದು. ಸ್ಪಾರ್ಕ್ ಪ್ಲಗ್ಗಿನ ತೂತಿನಿಂದ ಬೋರೋಸ್ಕೋಪ್ ಕ್ಯಾಮೆರಾ ಇಳಿಸಿ ಆರೂ ಸಿಲಿಂಡರ್‌ಗಳನ್ನು ನೋಡಿಸಬೇಕು. ಗೀರು ಎಷ್ಟೋ ಸಲ ಬೋರಿನ ಕೆಳತುದಿಯಲ್ಲಿ ಶುರುವಾಗುವುದರಿಂದ ಮೇಲಿನಿಂದ ನೋಡಿದ್ದಷ್ಟೇ ಸಾಲದು. ಆಯಿಲ್ ಸಂಪ್ ಬಿಚ್ಚಿ ಕೆಳಗಿನಿಂದಲೂ ನೋಡುವ ಮೆಕ್ಯಾನಿಕ್ ಸಿಕ್ಕರೆ ಅವರ ಮಾತಿಗೆ ಹೆಚ್ಚು ತೂಕ ಕೊಡಿ.

ದಪ್ಪ ಆಯಿಲ್ ಮದ್ದಲ್ಲ

ಟಿಕ್ ಕೇಳಿದೊಡನೆ ದಪ್ಪ ಆಯಿಲ್ ಹಾಕಿ ಎನ್ನುವವರು, ಡಬ್ಬಿಯಲ್ಲಿ ಬರುವ ಔಷಧಿ ಸುರಿಯಿರಿ ಎನ್ನುವವರು ಎಲ್ಲ ಊರಲ್ಲೂ ಇದ್ದಾರೆ. ದಪ್ಪ ಆಯಿಲ್ ಸಂದನ್ನು ತುಂಬಿ ಸದ್ದನ್ನು ಅಡಗಿಸಬಹುದು, ಸವೆದದ್ದನ್ನು ಮರಳಿ ಕೊಡಲಾರದು. ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಅದು ಮೇಲಿನ ಕ್ಯಾಮ್‌ಗಳಿಗೆ ತಲುಪುವುದೂ ತಡ. ಸದ್ದು ನಿಂತಿತೆಂದು ಸಮಾಧಾನದಿಂದ ಓಡಿಸುತ್ತಿರುವಾಗಲೇ ಒಳಗಿನ ಗೀರು ಬೆಳೆಯುತ್ತಿರುತ್ತದೆ. ತಯಾರಕರು ಹೇಳಿದ ದರ್ಜೆಯ ಆಯಿಲ್ ಹಾಕಿ, ಮಟ್ಟ ಸರಿಯಿಟ್ಟು, ಆಮೇಲೂ ಬರುವ ಸದ್ದನ್ನು ಕೇಳಬೇಕು. ಆಗ ಕೇಳಿದ್ದರ ಮೇಲೆ ಮಾತ್ರ ತೀರ್ಮಾನಕ್ಕೆ ಬರಬಹುದು.

ಬೆಂಗಳೂರಿನ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಹೊದಿಕೆ ಹೊದ್ದು ನಿಂತ ಸ್ಪೋರ್ಟ್ಸ್ ಕಾರಿಗೂ ಆಯಿಲ್ ಚೆನ್ನಾಗಿರುವುದು ಅಷ್ಟೇ ಮುಖ್ಯ. ಬ್ಯಾಟರಿ ಉಳಿಯಲೆಂದು ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದು ಇಂಜಿನ್ನಿಗೆ ಒಳ್ಳೆಯದಲ್ಲ. ಪೂರ್ತಿ ಬಿಸಿಯಾಗದ ಇಂಜಿನ್ನಿನ ಆಯಿಲ್‌ನಲ್ಲಿ ನೀರಿನಂಶ, ಪೆಟ್ರೋಲ್ ಹಾಗೇ ಉಳಿದು ಅದರ ಶಕ್ತಿ ಕುಂದುತ್ತದೆ. ಬ್ಯಾಟರಿಗೆ ಚಾರ್ಜರ್ ಇಡಿ. ಇಂಜಿನ್ ಸ್ಟಾರ್ಟ್ ಮಾಡಿದರೆ ಅರ್ಧ ಗಂಟೆಯಾದರೂ ರಸ್ತೆಗಿಳಿಸಿ.

ಗ್ಯಾರೇಜಿಗೆ ಹೋಗುವ ಮುನ್ನ

ಒಂದು ನೋಟ್‌ಬುಕ್ ಕಾರಿನಲ್ಲಿರಲಿ. ಟಿಕ್ ಕೇಳಿದಾಗಲೆಲ್ಲ ಬರೆಯಿರಿ: ಸ್ಟಾರ್ಟ್ ಮಾಡಿ ಎಷ್ಟು ಹೊತ್ತಾಗಿತ್ತು, ಆಯಿಲ್ ಎಷ್ಟು ಕಾದಿತ್ತು, ಆರ್‌ಪಿಎಂ ಎಷ್ಟಿತ್ತು, ಎ.ಸಿ. ಓಡುತ್ತಿತ್ತೇ, ಕ್ಲಚ್ ಒತ್ತಿದಾಗ ಸದ್ದು ಬದಲಾಯಿತೇ, ಯಾವ ಪಕ್ಕದಿಂದ ಬಂತು. ಮೊಬೈಲನ್ನು ಪ್ರತಿ ಸಲ ಒಂದೇ ಜಾಗದಲ್ಲಿ ಹಿಡಿದು ರೆಕಾರ್ಡ್ ಮಾಡಿ, ಅದರ ಜೊತೆ ಆರ್‌ಪಿಎಂ ಎಷ್ಟೆಂದು ಹೇಳಿ. ತಣ್ಣಗಿದ್ದಾಗಿನ ಸದ್ದೇ ಬೇಕಿದ್ದರೆ ಕಾರನ್ನು ರಾತ್ರಿ ಗ್ಯಾರೇಜಿನಲ್ಲೇ ಬಿಟ್ಟು, ಬೆಳಗಿನ ಮೊದಲ ಸ್ಟಾರ್ಟನ್ನು ಮೆಕ್ಯಾನಿಕ್ಕೇ ಮಾಡುವಂತೆ ಕೇಳಿಕೊಳ್ಳಿ. ತಣ್ಣಗಿದ್ದಾಗ ಬಂದು ಬಿಸಿಯಾದ ಮೇಲೆ ನಿಲ್ಲುವ ಸದ್ದಿಗೆ ಸಾಮಾನ್ಯವಾಗಿ ತಾಳ್ಮೆ ಸಾಕು. ಬಿಸಿಯಾದ ಮೇಲೂ ಒಂದೇ ಪಕ್ಕದಿಂದ ಬರುತ್ತ, ವಾರದಿಂದ ವಾರಕ್ಕೆ ಹೆಚ್ಚುತ್ತ, ಆಯಿಲ್ ಕುಡಿಯುತ್ತ ಹೋಗುವ ಸದ್ದಿಗೆ ಕ್ಯಾಮೆರಾ ಬೇಕು. ಭಾರ ಬಿದ್ದಾಗ ಮಂದ್ರ ಸ್ವರದಲ್ಲಿ ದಡ್ ದಡ್ ಎಂದರೆ ಅಥವಾ ಆಯಿಲ್ ದೀಪ ಹೊತ್ತಿದರೆ ಇಂಜಿನ್ ಅಲ್ಲೇ ನಿಲ್ಲಿಸಿ, ಕಾರನ್ನು ಎತ್ತಿಸಿಕೊಂಡು ಹೋಗಿ.

ಬರಿಯ ಸದ್ದು ಕೇಳಿ 'ಇಂಜಿನ್ ಓಪನ್ ಮಾಡೋಣ' ಎನ್ನುವವರಿಗೂ, 'ಏನಿಲ್ಲ, ಟ್ಯಾಪೆಟ್, ಓಡಿಸಿ' ಎನ್ನುವವರಿಗೂ ನೀವು ಕೇಳಬೇಕಾದ ಪ್ರಶ್ನೆ ಒಂದೇ: ನೋಡಿದಿರಾ? ಹಳೆಯ 996 ಅಥವಾ 997 ಕೊಳ್ಳುವ ಆಸೆಯಿದ್ದರೆ ಹಣ ಕೊಡುವ ಮೊದಲು ಅದರ ಬೋರಿನ ಚಿತ್ರಗಳನ್ನು ಕೇಳಿ. ತೋರಿಸಲು ಒಪ್ಪದವರ ಕಾರನ್ನು ಕೊಳ್ಳಬೇಡಿ.