ಮೊಲದ ಅಂಡಾಶಯದಲ್ಲಿ ಎಮ್ಮಾ ಕಾಲ್ ಕಂಡದ್ದು

ಹೆಣ್ಣು ನಾಯಿಗಳಲ್ಲಿ ಅಂಡಾಶಯದ ಗಡ್ಡೆ ಅಪರೂಪ. ಬಂದರೂ ಬೇಗ ಗೊತ್ತಾಗುವುದಿಲ್ಲ. ಮುಗಿಯದ ಬೆದೆ, ಗರ್ಭಕೋಶದಲ್ಲಿ ಕೀವು, ಇಲ್ಲವೇ ಊದಿಕೊಂಡ ಹೊಟ್ಟೆ, ಪಶುವೈದ್ಯರಿಗೆ ಮೊದಲು ಸಿಗುವ ಸುಳಿವು ಇಷ್ಟೇ. ಅಲ್ಟ್ರಾಸೌಂಡ್‌ನಲ್ಲಿ ಮೂತ್ರಪಿಂಡದ ಹಿಂದೆ ಗಡ್ಡೆ ಕಂಡರೂ ಅದು ಯಾವ ಬಗೆಯದೆಂದು ಖಚಿತವಾಗುವುದಿಲ್ಲ. ಸೂಜಿ ಚುಚ್ಚಿ ನೋಡೋಣವೆಂದರೆ ಕ್ಯಾನ್ಸರ್ ಕಣಗಳು ಹೊಟ್ಟೆಯೊಳಗೆ ಚೆಲ್ಲುವ ಭಯ. ಹಾಗಾಗಿ ಸಾಮಾನ್ಯವಾಗಿ ಅಂಡಾಶಯ, ಗರ್ಭಕೋಶ ಎರಡನ್ನೂ ತೆಗೆದು ಗಡ್ಡೆಯನ್ನು ಪೆಥಾಲಜಿ ಲ್ಯಾಬಿಗೆ ಕಳಿಸುತ್ತಾರೆ.

ಅಲ್ಲಿ ಬಣ್ಣ ಹಾಕಿದ ಸ್ಲೈಡಿನಲ್ಲಿ ಕೆಲವೊಮ್ಮೆ ಚೆಂದದ ಆಕೃತಿಯೊಂದು ಕಾಣುತ್ತದೆ: ನಡುವೆ ಗುಲಾಬಿ ಚುಕ್ಕಿ, ಸುತ್ತಲೂ ನೀಲಿ ನ್ಯೂಕ್ಲಿಯಸ್‌ಗಳು ರಂಗೋಲಿಯ ಎಸಳಿನಂತೆ. ಕಂಡರೆ, ಅಂಡವನ್ನು ಸುತ್ತುವರಿದ ಕಣಗಳಿಂದ ಹುಟ್ಟುವ ಗ್ರಾನ್ಯುಲೋಸಾ ಗಡ್ಡೆ ಎಂಬ ಅನುಮಾನ ಗಟ್ಟಿಯಾಗುತ್ತದೆ. ಇದೇ ಕಾಲ್-ಎಕ್ಸ್‌ನರ್ ಬಾಡಿ. ಪಠ್ಯಪುಸ್ತಕಗಳು ಹೆಸರು ಹೇಳಿ ಮುಂದೆ ಹೋಗುತ್ತವೆ. ಕಾಲ್ ಒಬ್ಬ ಹೆಣ್ಣುಮಗಳು ಎಂದು ಎಷ್ಟು ವಿದ್ಯಾರ್ಥಿಗಳಿಗೆ ಗೊತ್ತು?

ಎಮ್ಮಾ ಲೂಯಿಸಾ ಕಾಲ್ 1873ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಿಂದ ವೈದ್ಯೆಯಾಗಿ ಹೊರಬಂದರು. ಹೆಚ್ಚಿನ ಕಲಿಕೆಗೆ ವಿಯೆನ್ನಾಕ್ಕೆ ಹೋದರು. ಅಲ್ಲಿನ ವೈದ್ಯಕೀಯ ವಿಭಾಗ ಹೆಣ್ಣುಮಕ್ಕಳನ್ನು ವಿದ್ಯಾರ್ಥಿಗಳಾಗಿ ಸೇರಿಸಿಕೊಂಡದ್ದು 1900ರಲ್ಲಿ. ಕಾಲ್ ಹೋದದ್ದು ಅದಕ್ಕೂ ಕಾಲು ಶತಮಾನ ಮುಂಚೆ. ಸಿಗ್ಮಂಡ್ ಎಕ್ಸ್‌ನರ್ ಎಂಬ ತರುಣ ಶರೀರಕ್ರಿಯಾ ವಿಜ್ಞಾನಿಯ ಜೊತೆ ಮೊಲದ ಅಂಡಾಶಯವನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದರು. ಅಲ್ಲಿ ಕಂಡ ಆ ಎಸಳಿನ ಆಕೃತಿಯನ್ನು ವಿವರಿಸಿ 1875ರಲ್ಲಿ ಇಬ್ಬರ ಹೆಸರಿನಲ್ಲೂ ಜರ್ಮನ್ ಭಾಷೆಯ ಪ್ರಬಂಧ ಬಂತು.

ಎಕ್ಸ್‌ನರ್ ಮುಂದೆ ಮಿದುಳಿನ ಬಗ್ಗೆ, ಕೀಟಗಳ ಕಣ್ಣಿನ ಬಗ್ಗೆ ಕೆಲಸ ಮಾಡಿ ದೊಡ್ಡ ಹೆಸರು ಪಡೆದರು. ಕಾಲ್ ಬಾಸ್ಟನ್ನಿಗೆ ಮರಳಿ, ಮಹಿಳಾ ವೈದ್ಯರೇ ನಡೆಸುತ್ತಿದ್ದ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುತ್ತ ಬದುಕು ಸವೆಸಿದರು. 1884ರಲ್ಲಿ ಮ್ಯಾಸಚೂಸೆಟ್ಸ್ ಮೆಡಿಕಲ್ ಸೊಸೈಟಿ ಮಹಿಳೆಯರಿಗೆ ಬಾಗಿಲು ತೆರೆದಾಗ ಮೊದಲು ಒಳಹೋದವರು ಅವರೇ. ಹೆರಿಗೆ ಮಾಡಿಸುವುದು ಸಣ್ಣ ಕೆಲಸವಲ್ಲ. ಆದರೆ ಅಷ್ಟು ಚುರುಕಾದ ಕಣ್ಣಿಗೆ ಒಂದು ಪ್ರಯೋಗಾಲಯವೂ ದಕ್ಕಿದ್ದರೆ ಎಂದು ನೆನೆದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ನಾಯಿಯ ಎಲ್ಲ ಗ್ರಾನ್ಯುಲೋಸಾ ಗಡ್ಡೆಗಳಲ್ಲೂ ಆ ಎಸಳುಗಳು ಮೂಡುವುದಿಲ್ಲ. ಅಂಥ ಕಡೆ ಇನ್ಹಿಬಿನ್ ಪ್ರೋಟೀನನ್ನು ಗುರುತಿಸುವ ವಿಶೇಷ ಬಣ್ಣ ಹಾಕಿ ನೋಡುತ್ತಾರೆ. ಈಚೆಗೆ ರಕ್ತದಲ್ಲಿನ ಎಎಂಎಚ್ ಹಾರ್ಮೋನಿನ ಮಟ್ಟವೂ ಶಸ್ತ್ರಚಿಕಿತ್ಸೆಗೆ ಮೊದಲೇ ಸುಳಿವು ಕೊಡುತ್ತಿದೆ. ಟೆರಟೋಮಾ ಎಂಬ ಇನ್ನೊಂದು ಬಗೆಯೊಳಗೆ ಮೂಳೆ, ಹಲ್ಲು ಬೆಳೆದಿದ್ದರೆ ಎಕ್ಸ್‌-ರೇಯಲ್ಲೇ ಕಾಣುತ್ತದೆ. ಆಗಲೂ ಕೊನೆಯ ಮಾತು ಪೆಥಾಲಜಿಸ್ಟರ ಸ್ಲೈಡಿನದೇ.