ದಿನಚರಿಯ ಒಂದು ಪುಟ

ಹಾವೇರಿಯಿಂದ ರಾಣೆಬೆನ್ನೂರಿಗೆ ಹೋಗುವ ಹೆದ್ದಾರಿಯ ಬದಿಗೆ ಮೋಟೆಬೆನ್ನೂರೆಂಬ ಊರಿದೆ. ಬ್ಯಾಡಗಿ ತಾಲ್ಲೂಕಿನ ಈ ಊರಿನಲ್ಲಿ 1911ರಲ್ಲಿ ಹುಟ್ಟಿದ ಮೈಲಾರ ಮಹಾದೇವಪ್ಪನವರು ತಮ್ಮ ಹದಿನೆಂಟನೆಯ ವಯಸ್ಸಿನಲ್ಲಿ, 1930ರ ಮಾರ್ಚ್ 12ರಂದು, ಗಾಂಧೀಜಿಯವರೊಡನೆ ಸಾಬರಮತಿಯಿಂದ ದಂಡಿಗೆ ಹೊರಟ ತಂಡದಲ್ಲಿದ್ದರು. ಆ ತಂಡದಲ್ಲಿದ್ದ ಕನ್ನಡಿಗರು ಅವರೊಬ್ಬರೇ. ಮುಂದೆ 1943ರ ಏಪ್ರಿಲ್ 1ರಂದು ಹಾವೇರಿ ತಾಲ್ಲೂಕಿನ ಹೊಸರಿತ್ತಿಯಲ್ಲಿ ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠರೊಡನೆ ಅವರು ಗುಂಡಿಗೆ ಬಲಿಯಾದುದನ್ನು ನಮ್ಮ ಜಿಲ್ಲೆಯ ಶಾಲೆಯ ಮಕ್ಕಳೂ ಬಲ್ಲರು. ಅವರ ಸಾವನ್ನು ನಾವು ಮರೆತಿಲ್ಲ. ಆದರೆ ಆ ನಡಿಗೆಯ ಒಂದು ಸಣ್ಣ ನೇಮವನ್ನು ಮರೆತಿದ್ದೇವೆ. ಸುಮಾರು 240 ಮೈಲಿಗಳ ಆ ಹಾದಿಯಲ್ಲಿ ಪ್ರತಿಯೊಬ್ಬ ಸ್ವಯಂಸೇವಕನೂ ದಿನವೂ ಪ್ರಾರ್ಥಿಸಬೇಕು, ನೂಲಬೇಕು, ದಿನಚರಿ ಬರೆಯಬೇಕು ಎಂಬುದೇ ಆ ನೇಮ. ಕಾಲು ಬೊಬ್ಬೆಯೆದ್ದ ಸಂಜೆಯೂ ಲೇಖನಿ ಹಿಡಿಯಬೇಕಾಗಿತ್ತು.

ಈ ಸಂಗತಿ ನನ್ನನ್ನು ಕಾಡಲು ಕಾರಣವುಂಟು. ಗಾಂಧೀ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ 37 ವಿಶ್ವವಿದ್ಯಾಲಯಗಳ 40,000 ವಿದ್ಯಾರ್ಥಿಗಳೊಂದಿಗೆ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯಲ್ಲಿಯೂ ದಿನಚರಿಯುಂಟು. ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ, ಏಳು ದಿನಗಳ ಒಂದು ಶಿಬಿರ. ಮಾಡಿದ ಕೆಲಸವನ್ನೆಲ್ಲ ವಿದ್ಯಾರ್ಥಿ ಬರೆದಿಡಬೇಕು, ಅಧ್ಯಾಪಕ ನೋಡಿ ರುಜು ಹಾಕಬೇಕು. ಹಿಂದೆ ನಾನಿದ್ದ ಒಂದು ಕಾಲೇಜಿನಲ್ಲಿ ಅಂಥ ನೂರಾರು ಪುಸ್ತಕಗಳು ನನ್ನ ಮೇಜಿನ ಮೇಲೆ ಬಂದು ಬೀಳುತ್ತಿದ್ದವು. ಎಲ್ಲವುಗಳಲ್ಲಿ ಒಂದೇ ಒಕ್ಕಣೆ: ‘ಬೀದಿ ಗುಡಿಸಿದೆವು, ಗಟಾರ ಬಳಿದೆವು, ಗ್ರಾಮಸ್ಥರು ಹರ್ಷಗೊಂಡರು.’ ಹಾಜರಿಲ್ಲದ ಹುಡುಗನ ಪುಸ್ತಕದಲ್ಲಿಯೂ ಗ್ರಾಮಸ್ಥರು ಹರ್ಷಗೊಂಡಿರುತ್ತಿದ್ದರು! ನಾನು ಅದಕ್ಕೂ ರುಜು ಹಾಕಿದ್ದೇನೆ. ಹುಡುಗನಿಗೆ ಪ್ರಮಾಣಪತ್ರ ತಪ್ಪದಿರಲಿ ಎಂಬ ಕನಿಕರವೆಂದು ಆಗ ಸಮಾಧಾನ ಮಾಡಿಕೊಂಡೆ. ಅದು ಸೋಮಾರಿತನವೆಂದು ಈಗ ಅನ್ನಿಸುತ್ತದೆ.

ಒಂದು ವರ್ಷ ಬ್ಯಾಡಗಿಯ ಕಡೆಯ ಹಳ್ಳಿಯೊಂದರಲ್ಲಿ ಶಿಬಿರ ನಡೆಯಿತು. ಮೆಣಸಿನಕಾಯಿಯ ಸುಗ್ಗಿಯ ಕಾಲ. ಗಾಳಿಯಲ್ಲೇ ಘಾಟು, ಪೇಟೆಯಿಂದ ಬಂದ ನಮ್ಮ ಹುಡುಗರು ಭಾಷಣಕ್ಕೆ ನಿಂತರೆ ಸೀನುವುದೇ ಹೆಚ್ಚು. ಶಿಬಿರ ಮುಗಿದ ಮೇಲೆ ಬಂದ ಪುಸ್ತಕಗಳಲ್ಲಿ ಒಬ್ಬ ವಿದ್ಯಾರ್ಥಿನಿಯದು ಬೇರೆಯಾಗಿತ್ತು. ಮೂರನೆಯ ದಿನದ ಪುಟದಲ್ಲಿ ಅವಳು ಹೀಗೆ ಬರೆದಿದ್ದಳು: ‘ಇಂದು ನಿಗದಿಯಾದ ಕೆಲಸ ಮಾಡಲಿಲ್ಲ. ಸಲಿಕೆ ಹಿಡಿದು ಹೋದಾಗ ಅಂಗಳದಲ್ಲಿ ಕಾಯಿಯ ತೊಟ್ಟು ಬಿಡಿಸುತ್ತಿದ್ದ ಅಜ್ಜಿಯೊಬ್ಬರು, “ನಮ್ಮ ಗಟಾರ ನಾವು ಬಳಕೋತೀವಿ ಯವ್ವಾ. ಈ ಕಾಗದದಾಗ ಏನ್ ಬರದಾರ, ಅದನ್ನಷ್ಟು ಓದಿ ಹೇಳು” ಎಂದರು. ಅದು ಪಿಂಚಣಿಯ ಕಾಗದ. ಓದಿ ಹೇಳಿ, ಮಧ್ಯಾಹ್ನದವರೆಗೆ ಅವರೊಡನೆ ತೊಟ್ಟು ಬಿಡಿಸಿದೆ. ಕೈ ಉರಿಯುತ್ತಿದೆ. ಇದು ಸೇವೆಯೋ ಅಲ್ಲವೋ ತಿಳಿಯದು. ಗಂಟೆ: ಸೊನ್ನೆ.’

ಮರುದಿನದ ಪುಟದಲ್ಲಿ ಇನ್ನೂ ನಾಲ್ವರು ಹೆಂಗಸರು ತಂತಮ್ಮ ಕಾಗದಗಳನ್ನು ಹಿಡಿದು ಬಂದಿದ್ದರು. ಒಬ್ಬರ ಬ್ಯಾಂಕಿನ ಪುಸ್ತಕದಲ್ಲಿ ಹೆಸರೇ ತಪ್ಪಾಗಿತ್ತು; ಅದನ್ನು ತಿದ್ದಿಸಲು ಅರ್ಜಿ ಬರೆದುಕೊಟ್ಟಿದ್ದಳು.

ನಮ್ಮ ಹಳ್ಳಿಗಳಿಗೆ ಸೇವೆಯನ್ನು ನಾವು ಹೊರಗಿನಿಂದ ಹೊತ್ತು ತರಬೇಕಾಗಿಲ್ಲ. ಬಿತ್ತನೆಗೋ ಒಕ್ಕಣೆಗೋ ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು ಎಂಬ ಮುಯ್ಯಿಯ ಪದ್ಧತಿ ಅವರಲ್ಲಿ ಹಳೆಯದು. ಮುಯ್ಯಾಳಾಗಿ ಬಂದವನು ಹೊಲದ ಒಡೆಯ ಹೇಳಿದ ಕೆಲಸವನ್ನು ಮಾಡುತ್ತಾನೆಯೇ ಹೊರತು ತನಗೆ ತೋಚಿದ್ದನ್ನಲ್ಲ. ನಮ್ಮ ಶಿಬಿರಗಳು ಬಹುಮಟ್ಟಿಗೆ ಎಡವುವುದು ಇಲ್ಲಿಯೇ. ಏನು ಬೇಕೆಂದು ಕೇಳುವ ಮೊದಲೇ ನಾವು ಸಲಿಕೆಗಳನ್ನು ಎಣಿಸಿ ತಂದಿರುತ್ತೇವೆ. 1923ರಲ್ಲಿ ಸೇವಾದಳವನ್ನು ಕಟ್ಟಿದ ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು ಸ್ವಯಂಸೇವಕನಿಗೆ ಮೊದಲು ತರಬೇತು ಬೇಕೆಂದು ಹಟ ಹಿಡಿದವರು. ಕವಾಯತಿನ ಶಿಸ್ತು ಅವರ ಕಾಲಕ್ಕೆ ಬೇಕಾಗಿತ್ತು. ಇಂದು ಕೇಳಿಸಿಕೊಳ್ಳುವ ಶಿಸ್ತನ್ನೂ ಅದಕ್ಕೆ ಸೇರಿಸಬೇಕೇನೋ.

ಆ ಹುಡುಗಿ ಪದವಿ ಮುಗಿಸಿ ರಾಣೆಬೆನ್ನೂರಿನ ಬೀಜದ ವ್ಯಾಪಾರಿಯೊಬ್ಬರಲ್ಲಿ ಕೆಲಸಕ್ಕೆ ಹೋದಳು. ಸೇವಾ ಯೋಜನೆಯ ಪ್ರಮಾಣಪತ್ರವನ್ನು ಅವರು ಮಗುಚಿ ಬದಿಗಿಟ್ಟರಂತೆ. ಅಂಥವು ಎಲ್ಲರಲ್ಲಿಯೂ ಇರುತ್ತವೆ. ಅವಳು ಸಂಕೋಚದಿಂದಲೇ ಮುಂದಿಟ್ಟ ದಿನಚರಿಯನ್ನು ಮಾತ್ರ ಓದಿದರು. ಸೊನ್ನೆಯ ಪುಟದ ಬಳಿ ನಿಂತು, ‘ಇದಕ್ಕೆ ನಿಮ್ಮ ಮಾಸ್ತರರು ರುಜು ಹಾಕಿದರೇ?’ ಎಂದು ಕೇಳಿ ನಕ್ಕರಂತೆ.

ಅವರ ನಗೆಯ ಮರ್ಮ ನನಗೆ ತಿಳಿದುದು ಆಮೇಲೆ. ಸಂಕರಣ ಬೀಜದ ಹೊಲದಲ್ಲಿ ಹೂವು ಹೂವಿಗೂ ಕೈಯಿಂದಲೇ ಪರಾಗ ಮುಟ್ಟಿಸಬೇಕು. ಯಾವ ಸಾಲಿಗೆ ಎಂದು ಮುಟ್ಟಿಸಿದರು, ಯಾವುದನ್ನು ಬಿಟ್ಟರು ಎಂಬುದನ್ನು ಬರೆದಿಡಬೇಕು. ಬಿಟ್ಟ ಸಾಲನ್ನು ಮುಟ್ಟಿಸಿದೆವೆಂದು ಬರೆದರೆ ಆ ದಿನ ಯಾರಿಗೂ ಗೊತ್ತಾಗದು. ಮುಂದಿನ ವರ್ಷ ಕಲಬೆರಕೆಯ ಬೆಳೆಯೆದ್ದು ಎಲ್ಲಿಯೋ ಒಬ್ಬ ರೈತ ತಲೆಯ ಮೇಲೆ ಕೈ ಹೊತ್ತು ಕೂರುತ್ತಾನೆ. ಮಾಡದ ಕೆಲಸವನ್ನು ಮಾಡಿಲ್ಲವೆಂದು ಬರೆಯುವ ಕೈ ಆ ವ್ಯಾಪಾರಿಗೆ ಬೇಕಾಗಿತ್ತು. ಅಂಕಪಟ್ಟಿಯಲ್ಲಿ ಅದನ್ನು ಹುಡುಕುವ ಬಗೆ ಅವರಿಗೆ ತಿಳಿದಿರಲಿಲ್ಲ, ನಮಗೂ ತಿಳಿಯದು.

ಈಗ ಶಿಬಿರದ ಮೊದಲ ದಿನ ಹುಡುಗರಿಗೆ ಸಲಿಕೆ ಕೊಡುವುದಿಲ್ಲ. ಇಬ್ಬಿಬ್ಬರಾಗಿ ಮನೆಮನೆಗೆ ಹೋಗಿ ಏನು ಬೇಕೆಂದು ಕೇಳಿ ಬರೆದುಕೊಂಡು ಬರಲು ಹೇಳುತ್ತೇನೆ. ಹೋದ ಸಲ ಒಬ್ಬ ಹುಡುಗ ಬರಿಗೈಯಲ್ಲಿ ಬಂದು, ‘ಸರ್, ಯಾರೂ ಏನೂ ಬ್ಯಾಡ ಅಂದ್ರು, ಚಾ ಕುಡಿಸಿ ಕಳಿಸಿದ್ರು’ ಎಂದ. ಅದನ್ನೇ ಬರೆ ಎಂದೆ. ಬರೆದ. ರುಜು ಹಾಕಿದೆ.