ಅಗ್ಗದ ಯೂಕಲೇಲಿಯೂ ಶ್ರುತಿಗೆ ನಿಲ್ಲುತ್ತದೆ

ಮಗನ ಹುಟ್ಟುಹಬ್ಬಕ್ಕೆ ನೀವೊಂದು ಯೂಕಲೇಲಿ ಕೊಂಡಿರಿ ಎನ್ನೋಣ. ಬೆಲೆ ಸಾವಿರದೈನೂರು ರೂಪಾಯಿಯ ಆಸುಪಾಸು. ಮೊದಲ ವಾರ ಮನೆಯೆಲ್ಲ ಸಂಭ್ರಮ. ಎರಡನೆಯ ವಾರ ಅಪಸ್ವರ. ಮೂರನೆಯ ವಾರ ವಾದ್ಯ ಅಟ್ಟ ಸೇರುತ್ತದೆ, ‘ಇವನಿಗೆ ಸಂಗೀತದ ಕಿವಿಯಿಲ್ಲ’ ಎಂಬ ತೀರ್ಪೂ ಆಗಿಬಿಡುತ್ತದೆ. ನಮ್ಮ ಮನೆಯಲ್ಲಿ ಆದದ್ದೂ ಇದೇ. ಆಮೇಲೆ ತಿಳಿಯಿತು, ಹುಡುಗನ ಕಿವಿ ಸರಿಯಾಗಿಯೇ ಇತ್ತು. ಅಪಸ್ವರ ಕೇಳಿಸಿದ್ದರಿಂದಲೇ ಅವನು ಬಿಟ್ಟದ್ದು!

ಇದು ಸಿರಿವಂತರ ವಾದ್ಯವಾಗಿ ಹುಟ್ಟಿದ್ದಲ್ಲ. 1879ರಲ್ಲಿ ಪೋರ್ಚುಗಲ್ಲಿನ ಮದೀರಾ ದ್ವೀಪದಿಂದ ಹವಾಯಿಯ ಕಬ್ಬಿನ ತೋಟಗಳ ಕೆಲಸಕ್ಕೆ ಹಡಗಿನಲ್ಲಿ ಬಂದವರ ಜೊತೆ ಮೂವರು ಮರಗೆಲಸದವರೂ ಇದ್ದರು. ಅವರ ನಾಡಿನ ಪುಟ್ಟ ತಂತಿವಾದ್ಯವೇ ಅಲ್ಲಿ ಯೂಕಲೇಲಿಯಾಯಿತು. ರಾಜ ಕಲಾಕೌವಾ ಅದಕ್ಕೆ ಆಶ್ರಯ ಕೊಟ್ಟ. 1915ರ ಸ್ಯಾನ್ ಫ್ರಾನ್ಸಿಸ್ಕೋ ಪ್ರದರ್ಶನದ ನಂತರ ಅಮೆರಿಕದಲ್ಲೆಲ್ಲ ಅದರ ಹುಚ್ಚು ಹಿಡಿಯಿತು.

ಕೊಳ್ಳಲು ಹೋಗುವಾಗ ಜೇಬಿನಲ್ಲಿ ಒಂದು ಅಳತೆಪಟ್ಟಿ ಇರಲಿ. ತಲೆಯ ಬಳಿ ತಂತಿಗಳು ಹಾದುಹೋಗುವ ಗೀರುಪಟ್ಟಿಯಿಂದ ಹನ್ನೆರಡನೆಯ ಮೆಟ್ಟಿಲಿಗೆ ಎಷ್ಟು ದೂರವೋ, ಅಲ್ಲಿಂದ ಕುದುರೆಯ ಮೇಲಿನ ಬಿಳಿ ಪಟ್ಟಿಗೂ ಹೆಚ್ಚುಕಡಿಮೆ ಅಷ್ಟೇ ದೂರವಿರಬೇಕು. ಒಂದೆರಡು ಮಿಲಿಮೀಟರು ಹೆಚ್ಚಿದ್ದರೆ ಅದು ಬೇಕೆಂದೇ ಬಿಟ್ಟದ್ದು. ಅರ್ಧ ಸೆಂಟಿಮೀಟರು ವ್ಯತ್ಯಾಸವಿದ್ದರೆ ಅಲ್ಲಿಯೇ ಬಿಟ್ಟು ಬನ್ನಿ. ವೀಣೆಯ ಮೆಟ್ಟಿಲುಗಳನ್ನು ಮೇಣ ಕರಗಿಸಿ ಸರಿಸಬಹುದು, ಇಲ್ಲಿ ಆ ಅನುಕೂಲವಿಲ್ಲ.

ಈಗ ಶ್ರುತಿ. ವಾದ್ಯವನ್ನು ತೊಡೆಯ ಮೇಲಿಟ್ಟು ಹಿಡಿದಾಗ ಮೇಲಿನಿಂದ ಕೆಳಕ್ಕೆ ಜಿ, ಸಿ, ಇ, ಎ. ಸಿ ತಂತಿಯನ್ನು ಷಡ್ಜವೆಂದುಕೊಂಡರೆ ಪ, ಸ, ಗ, ದ. ಗಾಂಧಾರ ಅಂತರ, ಧೈವತ ಚತುಶ್ರುತಿ. ಮೊದಲ ತಂತಿಯ ಪಂಚಮ ಮಂದ್ರದ್ದಲ್ಲ, ಮಧ್ಯಸ್ಥಾಯಿಯದು. ಇದನ್ನರಿಯದೆ ಅನೇಕರು ಕೆಳಗಿನ ಪಂಚಮಕ್ಕೆ ಇಳಿಸಿ, ತಂತಿ ಸಡಿಲವಾಯಿತೆಂದು ಕೊರಗುತ್ತಾರೆ. ಹಾರ್ಮೋನಿಯಮ್ಮಿನ ಒಂದನೆಯ ಬಿಳಿ ಮನೆ ಇದ್ದರೆ ಸಾಕು, ಇಲ್ಲವೇ ಮೊಬೈಲಿನಲ್ಲಿ ಟ್ಯೂನರ್ ಹಾಕಿಕೊಳ್ಳಿ.

ಹೊಸ ನೈಲಾನ್ ತಂತಿ ಹಲವು ದಿನ ಹಿಗ್ಗುತ್ತಲೇ ಇರುತ್ತದೆ. ಶ್ರುತಿ ಮಾಡಿ, ತಂತಿಯನ್ನು ಬೆರಳಿನಿಂದ ಮೆಲ್ಲಗೆ ಎಳೆದು ಬಿಡಿ, ಮತ್ತೆ ಶ್ರುತಿ ಮಾಡಿ. ವಾರದ ಹೊತ್ತಿಗೆ ನಿಲ್ಲುತ್ತದೆ. ಬಿರಡೆಯೇ ಜಾರುತ್ತಿದ್ದರೆ ಅದರ ತುದಿಯ ಸಣ್ಣ ತಿರುಪನ್ನು ಒಂದು ಕಾಲು ಸುತ್ತು ಬಿಗಿಗೊಳಿಸಿ.

ಬಿಡಿ ತಂತಿ ಶ್ರುತಿಯಲ್ಲಿದ್ದೂ ಮೊದಲ ಎರಡು ಮೆಟ್ಟಿಲುಗಳಲ್ಲಿ ಸ್ವರ ಏರುತ್ತಿದೆಯೇ? ಅಗ್ಗದ ವಾದ್ಯಗಳ ದೊಡ್ಡ ಕಾಯಿಲೆ ಇದೇ. ಗೀರುಪಟ್ಟಿಯ ಗೀರುಗಳು ಆಳ ಸಾಲದಿದ್ದರೆ ತಂತಿ ಎತ್ತರದಲ್ಲಿ ನಿಲ್ಲುತ್ತದೆ. ಅದನ್ನು ಕೆಳಗೆ ಒತ್ತುವಾಗ ಬಿಗಿಯಾಗಿ ಸ್ವರ ಮೇಲಕ್ಕೆ ಹೋಗುತ್ತದೆ. ಎರಡನೆಯ ಮತ್ತು ಮೂರನೆಯ ಮೆಟ್ಟಿಲುಗಳ ನಡುವೆ ತಂತಿಯನ್ನು ಒತ್ತಿ, ಮೊದಲ ಮೆಟ್ಟಿಲಿನ ಮೇಲೆ ನೋಡಿ. ಕೂದಲೆಳೆಯಷ್ಟು ಸಂದಿದ್ದರೆ ಸರಿ. ವಿಸಿಟಿಂಗ್ ಕಾರ್ಡು ನುಸುಳುವಂತಿದ್ದರೆ ಸಣ್ಣ ಅರದಿಂದ ಗೀರನ್ನು ತಲೆಯ ಕಡೆಗೆ ಇಳಿಜಾರಾಗಿ ಉಜ್ಜಬೇಕು. ಎರಡು ಸಲ ಉಜ್ಜಿ, ತಂತಿ ಕೂರಿಸಿ ನೋಡಿ, ಮತ್ತೆ ಎರಡು ಸಲ. ಆತುರ ಬೇಡ. ಹೆಚ್ಚಾಗಿ ತಂತಿ ಜುಂಯ್ ಎಂದರೆ ಗೀರಿಗೆ ಚಿಟಿಕೆ ಅಡಿಗೆ ಸೋಡಾ ತುಂಬಿ, ತಕ್ಷಣ ಅಂಟುವ ಗೋಂದಿನ ಒಂದು ತೊಟ್ಟು ಬಿಡಿ, ಗಟ್ಟಿಯಾಗುತ್ತದೆ. ಮತ್ತೆ ಹೊಸದಾಗಿ ಗೀರು ತೆಗೆಯಬಹುದು. ನಾನೇ ಒಂದನ್ನು ಹೀಗೆ ಕೆಡಿಸಿ ಸರಿಪಡಿಸಿದ್ದೇನೆ.

ಹನ್ನೆರಡನೆಯ ಮೆಟ್ಟಿಲಿನ ಬಳಿ ತಂತಿ ತೀರ ಎತ್ತರವಿದ್ದರೆ ಕುದುರೆಯ ಬಿಳಿ ಪಟ್ಟಿಯನ್ನು ಹೊರತೆಗೆದು, ಅದರ ತಳವನ್ನು ಸಮವಾದ ಮರಳು ಕಾಗದದ ಮೇಲೆ ಉಜ್ಜಿ. ಅಲ್ಲಿ ಅರ್ಧ ಮಿಲಿಮೀಟರು ಇಳಿಸಲು ಇಲ್ಲಿ ಒಂದು ಮಿಲಿಮೀಟರು ತೆಗೆಯಬೇಕಾಗುತ್ತದೆ. ಮೇಲ್ಭಾಗಕ್ಕೆ ಕೈ ಹಾಕಬೇಡಿ.

ಖರ್ಚು ಮಾಡುವುದಾದರೆ ತಂತಿಗೆ ಮಾಡಿ. ಜೊತೆಗೆ ಬಂದ ತಂತಿ ಮಂಕಾಗಿದ್ದರೆ ಫ್ಲೋರೋಕಾರ್ಬನ್ ತಂತಿ ಹಾಕಿಸಿ. ಮೀನಿನ ಗಾಳಕ್ಕೆ ಕಟ್ಟುವ ಒಂದು ಬಗೆಯ ದಾರವೂ ಇದೇ ವಸ್ತುವಿನದು. ದನಿ ಎಷ್ಟು ತಿಳಿಯಾಗುತ್ತದೆಂಬುದನ್ನು ಕೇಳಿಯೇ ನಂಬಬೇಕು.

ಪ್ಲೈವುಡ್ಡಿನ ಮೈ ಎಂದು ಹೀಗಳೆಯಬೇಡಿ. ದನಿ ತುಸು ಕಡಿಮೆ, ನಿಜ. ಆದರೆ ನಮ್ಮ ಮಳೆಗಾಲದ ತೇವವನ್ನು ಅದು ದುಬಾರಿಯ ಒಂಟಿ ಹಲಗೆಗಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಮಾತ್ರ ಎರಡನ್ನೂ ಬಿಡಬಾರದು.

ಉಳಿದದ್ದು ಕೈಯದು. ಬೆರಳನ್ನು ಎರಡು ಮೆಟ್ಟಿಲುಗಳ ನಟ್ಟನಡುವೆ ಇಡದೆ ಮುಂದಿನ ಮೆಟ್ಟಿಲಿಗೆ ತಾಗಿದಂತೆ ಅದರ ಹಿಂದೆಯೇ ಇಡಿ, ಸ್ವರ ನುಡಿಯುವಷ್ಟೇ ಒತ್ತಿ. ಮೀಟುವುದು ದನಿಯ ತೂತಿನ ಮೇಲಲ್ಲ, ಕತ್ತು ಮೈಗೆ ಸೇರುವಲ್ಲಿ. ಅಟ್ಟದಿಂದ ಇಳಿಸಿದ ವಾದ್ಯವನ್ನು ಮಗನ ಕೈಗೆ ಕೊಡುವ ಮುನ್ನ ನೀವೇ ಒಮ್ಮೆ ಅಲ್ಲಿ ಮೀಟಿ ನೋಡಿ.